ಎರಡೂ ಬದಿಗೆ ಮೂರು ಅಡಿ

ಲೈನು ಹೋಗುವುದಿಲ್ಲ ಎಂದು ಮಾತು ಕೊಡುವುದೇ ನನ್ನ ಕೆಲಸವಾಗಿತ್ತು. 2007ರಲ್ಲಿ ಗೋಕಾಕದ ನಮ್ಮ ಕಂಪನಿ ಮೂಡಲಗಿಯವರೆಗೆ ನೆಲದೊಳಗೆ ಕೇಬಲ್ ಎಳೆದು, ಅಲ್ಲಿನ ಬ್ಯಾಂಕು, ಕಾರ್ಖಾನೆ, ದಲಾಲಿ ಅಂಗಡಿಗಳ ಕಂಪ್ಯೂಟರುಗಳಿಗೆ ಈಥರ್ನೆಟ್ ಲೈನು ಕೊಟ್ಟಿತು. ಮಳೆ ಬಂದರೆ ಮಲಗುವ ಫೋನಿನ ತಂತಿಯಂತಲ್ಲ, ವರ್ಷಕ್ಕೆ ಒಂದು ತಾಸೂ ನಿಲ್ಲುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಹೇಳುವವನು ನಾನು, ನಿಲ್ಲದಂತೆ ನೋಡಿಕೊಳ್ಳುವವನು ಮಸಗುಪ್ಪಿಯ ಕರೆಪ್ಪ.

ಕರೆಪ್ಪ ದಿನಾ ಸೈಕಲ್ ಮೇಲೆ ಕೇಬಲ್ಲಿನ ಹಾದಿ ಕಾಯುತ್ತಿದ್ದ. ಅದರ ಎರಡೂ ಬದಿಗೆ ಮೂರು ಮೂರು ಅಡಿ ಯಾರೂ ಗುದ್ದಲಿ ಹಾಕುವಂತಿಲ್ಲ. ನಾನು ಅವನಿಗೆ ಕಲಿಸಿದ ಮಂತ್ರ ಅದೊಂದೇ. ನೀರಿನ ಪೈಪಿಗೆ ಅಗೆಯಲು ಬಂದ ಜೆಸಿಬಿಯ ಮುಂದೆ ಒಮ್ಮೆ ಅಡ್ಡ ಮಲಗಿಬಿಟ್ಟಿದ್ದನಂತೆ. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಅವನ ಹೆಂಡತಿ ರಾಯವ್ವ ಆಡಿಕೊಳ್ಳುತ್ತಿದ್ದಳು.

ಅವನು ನನ್ನನ್ನು ಒಂದು ಉಪಕಾರ ಕೇಳಿದ್ದು ಕೇಬಲ್ ಹಾಕುವಾಗ. ಹಾದಿ ಮಸಗುಪ್ಪಿಯ ಸ್ಮಶಾನದ ಅಂಚಿನಲ್ಲಿ ಹೋಗುತ್ತಿತ್ತು. ಏಳನೇ ವರ್ಷಕ್ಕೇ ಜ್ವರದಿಂದ ಹೋದ ಅವನ ಮಗಳು ಪೂನಮ್‌ಳ ಗೋರಿ ಸರಿಯಾಗಿ ಅಗೆಯಲು ನಾವು ಎಳೆದ ಸುಣ್ಣದ ಗೆರೆಯ ಮೇಲಿತ್ತು.

"ಸ್ವಲ್ಪ ಸರಿಸ್ರಿ ಸಾಹೇಬ್ರ, ಕೂಸಿನ ಮ್ಯಾಲೆ ಬ್ಯಾಡ್ರಿ" ಎಂದ.

ಎಡಕ್ಕೆ ಅವನ ತಾಯಿಯ ಗೋರಿ. ಹಾಗಾಗಿ ಮೂರು ಅಡಿ ಬಲಕ್ಕೆ ಸರಿಸಿದೆವು. ಬಲಗಡೆಯ ಆ ಖಾಲಿ ಜಾಗವನ್ನು ರಾಯವ್ವ ತನಗೆಂದು ಮನಸ್ಸಿನಲ್ಲೇ ಹಿಡಿದಿಟ್ಟುಕೊಂಡಿದ್ದಾಳೆಂದು ಆಗ ಅವನಿಗೂ ಗೊತ್ತಿರಲಿಲ್ಲ.

ಮರುವರ್ಷ ಶ್ರಾವಣದಲ್ಲಿ ರಾಯವ್ವ ಕಾಮಾಲೆಯಿಂದ ತೀರಿಕೊಂಡಳು. ಬೆಳಗ್ಗೆ ಹತ್ತಕ್ಕೆ ಕರೆಪ್ಪನ ಫೋನು ಬಂತು.

"ಮಗಳ ಬಾಜೂಕ ಹಾಕ್ರಿ ಅಂತ ಕೈ ಹಿಡದ ಹೇಳ್ಯಾಳ್ರಿ. ಆದ್ರ ಅಲ್ಲಿ ಕೇಬಲ್ ಐತ್ರಿ. ಸಾವಕಾಶ ಕೈಲೆ ಕುಣಿ ತಗೀತೇನಿ. ಏನ್ ಮಾಡ್ಲಿ ಸಾಹೇಬ್ರ?"

ಕೇಳದೆ ಅಗೆದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಕೇಳದೆ ಅಗೆಯುವ ಮನುಷ್ಯ ಅವನಲ್ಲ. ಅವತ್ತೇ ಬ್ಯಾಂಕಿನ ಮೇಲಿನವರು ನಮ್ಮ ಲೈನು ಪರೀಕ್ಷಿಸಲು ಮೂಡಲಗಿಯಲ್ಲಿ ಬಂದು ಕೂತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾತಾಡಿದೆ.

"ನೀನ ವಿಚಾರ ಮಾಡು ಕರೆಪ್ಪ. ನಿಯಮ ನಿನಗ ಗೊತ್ತೈತಿ."

"ಹೂನ್ರಿ, ಮೂರ ಫೂಟ" ಎಂದು ಫೋನು ಇಟ್ಟ.

ಕೇಬಲ್ಲಿನಿಂದ ಆಚೆ ಮೂರು ಅಡಿ ಅಳೆದು ಹೆಂಡತಿಯನ್ನು ಮಣ್ಣು ಮಾಡಿದ. ಲೈನು ಒಂದು ಕ್ಷಣವೂ ನಿಲ್ಲಲಿಲ್ಲ. ಬ್ಯಾಂಕಿನವರು ನನ್ನ ಬೆನ್ನು ತಟ್ಟಿದರು, ನಾನು ಅವರಿಗೆ ಕರದಂಟಿನ ಡಬ್ಬಿ ಕೊಟ್ಟು ಕಳಿಸಿದೆ. ಆ ದಿನ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾಲ್ಕೇ ತಿಂಗಳಿಗೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಕಂಪನಿ ರಸ್ತೆಯ ಆಚೆ ಬದಿಗೆ ಹೊಸ ಕೇಬಲ್ ಎಳೆದು, ಹಳೆಯದನ್ನು ತೆಗೆಯುವ ಗೋಜಿಗೆ ಹೋಗದೆ ಮಣ್ಣಲ್ಲೇ ಬಿಟ್ಟಿತು. ಹಳೆಯದರಲ್ಲಿ ಇನ್ನು ಏನೂ ಹರಿಯುವುದಿಲ್ಲ ಎಂದು ಕರೆಪ್ಪನಿಗೆ ಫೋನಿನಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಅವನ ಮನೆಗೇ ಹೋಗಿ ಹೇಳಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾರ ತಗದ ಬಿಡ್ಲೇನ್ರಿ? ತಾಯಿ ಮಗಳ ನಡುವ ಅಡ್ಡ ಐತಿ" ಎಂದು ಗುದ್ದಲಿ ಹುಡುಕಿದ.

ಸ್ಮಶಾನಕ್ಕೆ ಹೋಗಿ ಇಬ್ಬರೂ ಸೇರಿ ಅಗೆದೆವು. ಅಭ್ಯಾಸವಿಲ್ಲದ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಐದು ಅಡಿ ಆಳದಲ್ಲಿ ಕೇಬಲ್ಲಿದ್ದ ಕಪ್ಪು ಪೈಪು ಸಿಕ್ಕಿತು. ಎರಡೂ ಕಡೆ ಕತ್ತರಿಸಿ ತುಂಡನ್ನು ಹೊರಗೆ ಹಾಕಿ, ಮಣ್ಣು ಮುಚ್ಚಿದೆವು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಬರೀ ಅಳು ಬಂತು.

"ಅವರಿಬ್ಬರನ್ನ ದೂರ ಮಾಡಿದ್ನಲ್ಲೋ ಕರೆಪ್ಪ."

ಕರೆಪ್ಪ ಮಗಳ ಗೋರಿಯಿಂದ ಹೆಂಡತಿಯ ಗೋರಿಯವರೆಗೆ ಪಾದಕ್ಕೆ ಪಾದ ಹಚ್ಚಿ ಅಳೆಯುತ್ತಿದ್ದ.

"ಅಳಬ್ಯಾಡ್ರಿ ಸಾಹೇಬ್ರ. ಆರ ಫೂಟ ಐತಿ, ನನಗ ಸಾಕಾಕೈತಿ. ಅಲ್ಲೀತನಕ ಇಲ್ಲಿ ಯಾರಿಗೂ ಅಗಿಯಾಕ ಬಿಡಬ್ಯಾಡ್ರಿ."