ಹೆಸರು ಗೊತ್ತಿಲ್ಲದ ಗಡ್ಡೆಗೆ ಎಷ್ಟು ಉಪ್ಪು

ಚುಯ್ ಎಂದಿತು. ಒಂದೇ ಸಲ, ಅದೂ ಮೆಲ್ಲಗೆ. ಮನೆಯವರೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸುತ್ತಿದ್ದರು. ನಾನು ಒಲೆ ಆರಿಸಿದ ಮೇಲೂ ಇನ್ನೊಮ್ಮೆ ಹೋಗಿ ಗ್ಯಾಸಿನ ಗುಂಡಿ ಮುಟ್ಟಿ ನೋಡಿ ಬರುವವಳು. ಎದ್ದು ಕೂತೆ. ಪಕ್ಕದಲ್ಲಿ ನನ್ನವರ ಗೊರಕೆ ಎಂದಿನಂತೆ ಸಾಗಿತ್ತು. ಮತ್ತೆ ಚುಯ್. ಸದ್ದು ಅಡುಗೆಮನೆಯದೇ.

ಬರಿಗಾಲಲ್ಲಿ ಹೋಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಬೆಳಕು. ಒಳಗೆ ಅತ್ತೆ.

ಅತ್ತೆ ಅಡುಗೆಮನೆಯಲ್ಲಿದ್ದಾರೆ ಎನ್ನುವುದು ಬೇರೆಯವರ ಮನೆಯಲ್ಲಿ ಸುದ್ದಿಯಲ್ಲ, ನಮ್ಮಲ್ಲಿ ಸುದ್ದಿ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂದಲು ಹಣ್ಣಾಗುವವರೆಗೆ ಅಡುಗೆ ಮಾಡಿದವರು ಅವರು. ರುಚಿ ನೋಡಿ ಉಪ್ಪು ಹಾಕಿದ್ದೇ ಇಲ್ಲ. ಮುಚ್ಚಳ ಸರಿಸಿ, ಹಬೆಗೆ ಮೂಗೊಡ್ಡಿ, "ಇನ್ನೊಂದು ಚಿಟಿಕೆ" ಎನ್ನುತ್ತಿದ್ದರು. ಅಷ್ಟು ಪಾತ್ರೆಗಳಿಗೆಲ್ಲ ನಾಲಿಗೆ ಹಚ್ಚಿದರೆ ನಾಲಿಗೆಯೇ ಸತ್ತುಹೋಗುತ್ತದೆ ಎಂಬುದು ಅವರ ವಾದ. ಹೋದ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ನಾಲಿಗೆಯೂ ಮಂಕಾಯಿತು. ಮನೆಯಾಚೆ ಯಾರಿಗೂ ಅದನ್ನು ಹೇಳಿರಲಿಲ್ಲ.

ಆಮೇಲೆ ಒಂದು ದಿನ ಅವರ ತಮ್ಮ ಊಟಕ್ಕೆ ಬಂದರು. ಎಲ್ಲಿ ಉಂಡರೂ ತಪ್ಪು ಹುಡುಕುವ ಅವರನ್ನು ನಾವು ನಾಲಿಗೆ ಮಾವ ಎನ್ನುತ್ತೇವೆ. ಮೊದಲ ತುತ್ತಿಗೇ ತಟ್ಟೆ ಸರಿಸಿದರು.

"ಏನಕ್ಕಾ, ಸಮುದ್ರಾನೇ ಬಡಿಸಿಬಿಟ್ಟಿದ್ದೀಯಲ್ಲ."

ಅವರು ತಮಾಷೆಗೇ ಅಂದದ್ದು. ಅತ್ತೆಯೂ ನಕ್ಕರು. ಮರುದಿನದಿಂದ ಅಡುಗೆಮನೆಯ ಹೊಸಿಲು ದಾಟಲಿಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ನನ್ನ ಅಡುಗೆಯನ್ನು ಆಡಿಕೊಳ್ಳುವುದಷ್ಟೇ ಅವರ ಕೆಲಸವಾಯಿತು. ಈ ಭಾನುವಾರ ತಮ್ಮ ಬರುತ್ತಾನೆಂದು ತಿಳಿದಾಗ ಮಾತ್ರ, "ನನ್ನ ಉದ್ದ ಸೌಟು ಅವನ ಕೈಲೇ ಕೊಟ್ಟು ಕಳಿಸಿಬಿಡ್ತೀನಿ. ಕ್ಯಾಂಟೀನಿಗೆ ಮುಟ್ಟಿಸ್ತಾನೆ. ಇಲ್ಲಿ ಧೂಳು ತಿನ್ನೋ ಬದಲು ಅಲ್ಲಿ ಕೆಲಸಕ್ಕಾದ್ರೂ ಬರುತ್ತೆ" ಎಂದರು. ಸೌಟನ್ನು ತಿಕ್ಕಿ, ಹಳೆ ಟವೆಲಿನಲ್ಲಿ ಸುತ್ತಿಯೂ ಇಟ್ಟರು. ಅದನ್ನು ನೋಡಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

ಅದೇ ವಾರ ನನ್ನವರು ಮಾರುಕಟ್ಟೆಯಿಂದ ಆ ಗಡ್ಡೆಗಳನ್ನು ತಂದರು. ಮಗುವಿನ ತಲೆಯಷ್ಟು ದಪ್ಪ, ಮೈತುಂಬ ಗಂಟು, ಗಂಟುಗಂಟಿಗೂ ಮೀಸೆ.

"ಏನ್ರೀ ಇದು?"

"ಗೊತ್ತಿಲ್ಲ. ಮಾರೋನಿಗೂ ಗೊತ್ತಿರಲಿಲ್ಲ. ಸಿಪ್ಪೆ ತೆಗೀರಿ, ತೊಳೀರಿ, ಆಮೇಲೆ ನಿಮ್ಮ ಹಣೆಬರಹ ಅಂದ."

"ಹೆಸರೂ ಗೊತ್ತಿಲ್ಲದ್ದನ್ನ ತಂದ್ರಾ?"

"ನಿನ್ನ ಹೆಸರು ಕೇಳೋಕೆ ಮುಂಚೆನೇ ಅಲ್ವಾ ನಾನು ಒಪ್ಪಿದ್ದು."

ಬಾಗಿಲಾಚೆಯ ಕುರ್ಚಿ ಕಿಸಕ್ಕೆಂದಿತು.

ತಿನ್ನುವ ಗಡ್ಡೆಯೇ ಎಂದು ಫೋನಿನಲ್ಲಿ ಚಿತ್ರ ನೋಡಿ ಖಚಿತಪಡಿಸಿಕೊಂಡರೂ ನನಗೆ ಧೈರ್ಯ ಬರಲಿಲ್ಲ. ಬೇಯಿಸಿದ ಚೂರೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು, ಕೆರೆತ ಬರುತ್ತದೋ ಎಂದು ಬಾಯಿ ತೆರೆದು ಕೂತೆ.

"ನೊಣ ಹೋಗುತ್ತೆ, ಮುಚ್ಕೋ ಬಾಯಿ. ಅದರ ವಾಸನೆ ಹೇಗಿದೆ?" ಎಂದರು ಅತ್ತೆ.

ಅವರು ವಾಸನೆಯ ಮಾತೆತ್ತಿ ತಿಂಗಳುಗಳಾಗಿದ್ದವು. ನಾನು ಪದ ಹುಡುಕಿದೆ. "ಮೊದಲು ಒದ್ದೆ ಮಣ್ಣು. ಆಮೇಲೆ ಕೊತ್ತಂಬರಿ ಕಡ್ಡಿ ಮುರಿದ ಹಾಗೆ. ಕೊನೇಲಿ ಸ್ವಲ್ಪ ಸಿಹಿ."

"ಹೂಂ" ಎಂದು ಕಣ್ಣು ಮುಚ್ಚಿಕೊಂಡರು.

ಕೆರೆತ ಬರಲಿಲ್ಲ. ಆದರೆ ನೀರಿನಲ್ಲಿ ಬೇಯಿಸಿದ್ದು ಲಕೋಟೆ ಅಂಟಿಸುವ ಗೋಂದಾಯಿತು. ಮರುದಿನ ದಪ್ಪ ಹೋಳು ಮಾಡಿ ಎಣ್ಣೆಯಲ್ಲಿ ಕರಿದೆ. ಹೊರಗೆ ಇದ್ದಿಲು, ಒಳಗೆ ಹಸಿ.

"ಉಪ್ಪು ಮಾತ್ರ ಸರಿಯಾಗಿದೆ" ಎಂದರು ನನ್ನವರು, ನೀರು ಕುಡಿಯುತ್ತ.

"ಗಡ್ಡೆನೇ ಸರಿಯಿಲ್ಲ ಅತ್ತೆ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ." ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, "ಉಪ್ಪು ಎಷ್ಟು ಹಾಕಿದೆ?" ಎಂದು ಕೇಳಿದರು.

"ಒಂದು ಗಡ್ಡೆಗೆ ಈ ಚಿಕ್ಕ ಚಮಚದಲ್ಲಿ ಒಂದು. ತಲೆ ತಟ್ಟಿ, ಸಮ ಮಾಡಿ."

ನನ್ನ ಅಳತೆಯ ಚಮಚಗಳೆಂದರೆ ಅವರಿಗೆ ಮೊದಲಿನಿಂದಲೂ ನಗು. ಚಮಚ ಹಿಡಿದು ಅಳೆಯೋದು ಔಷಧಿ ಅಂಗಡಿಯವರು, ಅಡುಗೆಯವರಿಗೆ ಕೈ ಕೊಟ್ಟಿದ್ದಾನೆ ದೇವರು ಎನ್ನುತ್ತಿದ್ದರು. ಅವತ್ತೂ ಅದನ್ನೇ ಅಂದರು. ಆದರೆ ಎದ್ದು ಹೋಗುವಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಚಮಚಗಳ ಕಡೆ ಒಮ್ಮೆ ನೋಡಿದ್ದನ್ನು ನಾನು ನೋಡಿದೆ.

ಅದೇ ರಾತ್ರಿ ಈ ಚುಯ್.

ಸಂದಿಯಿಂದ ಕಂಡದ್ದು ಇಷ್ಟು: ಒಲೆಯ ಮೇಲೆ ಹೆಂಚು. ಅದರ ಮೇಲೆ ಎಲೆಯಷ್ಟು ತೆಳ್ಳಗೆ ಹೆಚ್ಚಿದ ಗಡ್ಡೆಯ ಬಿಲ್ಲೆ. ಅತ್ತೆ ಕಣ್ಣು ಮುಚ್ಚಿ, ಪಕ್ಕದ ಮನೆಯ ಜಗಳ ಕೇಳುವವರಂತೆ ಕಿವಿಯನ್ನು ಹೆಂಚಿನ ಕಡೆ ವಾಲಿಸಿದ್ದಾರೆ. ಮೊದಲು ಚುಯ್ ಎಂದದ್ದು ಚಿಟಪಟವಾಯಿತು, ಚಿಟಪಟ ಇಳಿದು ಪಿಸುಮಾತಾಯಿತು. ಪಿಸುಮಾತು ನಿಲ್ಲುವ ಮೊದಲೇ ಮಗುಚಿದರು. ಬಿಲ್ಲೆ ಹೊಂಬಣ್ಣಕ್ಕೆ ತಿರುಗಿತ್ತು.

ಕೈಯಲ್ಲಿ ನನ್ನ ಚಿಕ್ಕ ಚಮಚ. ಉಪ್ಪು ತುಂಬಿ, ಬೆರಳಿನಿಂದ ತಲೆ ತಟ್ಟಿ, ತಿರುಗಿ ಡಬ್ಬಿಗೆ ಸುರಿದರು. ಮತ್ತೆ ತುಂಬಿದರು. ಸುರಿದರು. ಅಕ್ಷರ ತಿದ್ದುವ ಮಗುವಿನ ಹಾಗೆ.

"ಗೊತ್ತಿರೋ ಅಡುಗೆ ಕೆಟ್ಟರೆ ನನ್ನ ಬೈತಾರೆ" ಎಂದು ಹೆಂಚಿನ ಮೇಲಿನ ಬಿಲ್ಲೆಗೆ ಹೇಳಿದರು. "ನೀನು ಕೆಟ್ಟರೆ ಗಡ್ಡೆ ಜಾತಿನೇ ಹಾಗೆ ಅಂತಾರೆ. ಹೆದರಬೇಡ."

ಬಂದ ಹಾಗೆಯೇ ಹಿಂದಕ್ಕೆ ಹೋಗಿ ಮಲಗಿದೆ. ಅವರು ಒಲೆ ಆರಿಸಿದ ಟಿಕ್ ಕೇಳುವವರೆಗೆ ಕಣ್ಣು ಮುಚ್ಚಲಿಲ್ಲ, ಅದು ಬೇರೆ ಮಾತು.

ಭಾನುವಾರ ಬೆಳಿಗ್ಗೆ ನಾನು ಚಾಕು ಎತ್ತಿಕೊಂಡಾಗ ಅತ್ತೆ ಹೊಸಿಲಲ್ಲಿ ನಿಂತಿದ್ದರು.

"ಈಚೆ ಬಾ. ಆ ಕುರ್ಚಿ ಮೇಲೆ ಕೂತ್ಕೋ. ಎರಡು ಸಲ ಹಾಳು ಮಾಡಿದ್ದು ಸಾಕು."

ಬಾಗಿಲು ಹಾಕಿಕೊಂಡರು. ಒಳಗಿನಿಂದ ಚುಯ್ ಕೇಳಿಸಿತು, ಚಿಟಪಟ ಕೇಳಿಸಿತು, ಪಿಸುಮಾತು ಕೇಳಿಸಿತು. ನನ್ನವರು ನನ್ನ ಮುಖ ನೋಡಿದರು. ನಾನು ಪತ್ರಿಕೆ ಓದುತ್ತಿದ್ದೆ, ತಲೆಕೆಳಗಾಗಿ.

ನಾಲಿಗೆ ಮಾವ ಬಂದು ಕೂತರು. ತಟ್ಟೆಗೆ ಬಿದ್ದ ಗರಿಗರಿ ಬಿಲ್ಲೆಯನ್ನು ಬೆಳಕಿಗೆ ಹಿಡಿದರು.

"ಇದೇನಕ್ಕಾ?"

"ತಿನ್ನೋದು."

"ಹೆಸರು?"

"ತಿಂದು ನೀನೇ ಇಡು."

ಒಂದು ಬಾಯಿಗೆ ಹೋಯಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಾವ ಅಗಿದರು. ಎರಡನೆಯದನ್ನು ತೆಗೆದುಕೊಂಡರು. ಮೂರನೆಯದಕ್ಕೆ ನಿಂಬೆ ಹಿಂಡಿಕೊಂಡರು. ಆಮೇಲೆ ತಟ್ಟೆಯನ್ನು ಕೈಯಲ್ಲಿ ಹಿಡಿದರು. ಅವರು ಅದನ್ನು ಸರಿಸಲಿಲ್ಲ, ಮುಂದೆ ಚಾಚಿದರು.

"ಇನ್ನೂ ಇದ್ಯಾ?"

"ಉಪ್ಪು?" ಎಂದರು ಅತ್ತೆ.

"ಏನಾಗಿದೆ ಉಪ್ಪಿಗೆ? ಇರಬೇಕಾದಷ್ಟಿದೆ. ಅಲ್ಲಕ್ಕಾ, ಜನ್ಮದಲ್ಲಿ ನೋಡಿರದ ಗಡ್ಡೆ. ಇದಕ್ಕೆ ಇಷ್ಟೇ ಉಪ್ಪು ಅಂತ ಹೇಗೆ ಗೊತ್ತಾಯ್ತು ನಿನಗೆ?"

"ಕೈಯಳತೆ" ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ.

"ಕೈ ಅಂದ್ರೆ ಇದು ಕಣಮ್ಮಾ" ಎಂದು ಮಾವ ನನಗೆ ಹೇಳಿದರು. "ನೋಡಿ ಕಲಿ. ಚಮಚದಲ್ಲಿ ಅಳೆಯೋರಿಗೆ ಇದು ಬರಲ್ಲ."

"ಹೌದು ಮಾವ" ಎಂದೆ.

ಹೊರಡುವಾಗ ಅವರಿಗೆ ನೆನಪಾಯಿತು. "ಏನೋ ಸೌಟು ಕ್ಯಾಂಟೀನಿಗೆ ಕೊಡಬೇಕು ಅಂದಿದ್ದೆಯಲ್ಲಕ್ಕಾ?"

"ಯಾವ ಸೌಟು?" ಎಂದು ಅತ್ತೆ ಬೀದಿ ಬಾಗಿಲು ತೆರೆದು ಹಿಡಿದರು. ಸೌಟು ಆಗಲೇ ಒರೆಸಿದ ಒಲೆಕಟ್ಟೆಯ ಮೇಲೆ, ಟವೆಲಿನಿಂದ ಹೊರಬಂದು ಹೊಳೆಯುತ್ತಿತ್ತು.

ಸಂಜೆ ನನ್ನವರು ಕೆಮ್ಮಿನ ಔಷಧಿಗೆಂದು ಮೊಳೆಯ ಹತ್ತಿರ ತಡಕಾಡಿದರು.

"ಆ ಚಿಕ್ಕ ಚಮಚ ಎಲ್ಲಿ ಹೋಯ್ತೇ?"

ಕುರ್ಚಿ ಈಗ ಅಡುಗೆಮನೆಯ ಒಳಗಿತ್ತು. ಅದರಲ್ಲಿ ಕೂತು ಇನ್ನೊಂದು ಗಡ್ಡೆಯ ಮೀಸೆ ಹೆರೆಯುತ್ತಿದ್ದ ಅತ್ತೆಯ ಕೈ ನಿಂತಿತು. ಅವರ ಬೆನ್ನ ಹಿಂದೆ, ಉಪ್ಪಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಸಂದಿಯಲ್ಲಿ ಚಮಚದ ಹಿಡಿಯ ತುದಿ ಇಣುಕುತ್ತಿತ್ತು.

ಮದುವೆಯಾದಾಗಿನಿಂದ ಈ ಮನುಷ್ಯನಿಂದ ನಾನು ಏನನ್ನೂ ಮುಚ್ಚಿಟ್ಟವಳಲ್ಲ. ಇದೊಂದನ್ನು ಅವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಅತ್ತೆಗಂತೂ ಹೇಳುವುದೇ ಇಲ್ಲ ಎಂದು ಆ ಕ್ಷಣದಲ್ಲೇ ನಿರ್ಧರಿಸಿದೆ.

"ಕಳೆದುಹೋಯ್ತು ಕಣ್ರೀ" ಎಂದು ಒಳಗೆ ಹೋಗಿ, ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದೆ.