ಹಿಂದಿನ ಸೀಟಿನ ಕೆಳಗೆ

ಹಳೇ ಕಾರು ಕೊಳ್ಳುವವರಲ್ಲಿ ಎರಡೇ ಜಾತಿ ಎಂಬುದು ಮೇಸ್ತ್ರಿಯ ಅಭಿಪ್ರಾಯ: ಕಣ್ಣಿಲ್ಲದವರು, ಕಣ್ಣಿದ್ದೂ ಮುಚ್ಚಿಕೊಂಡವರು. ಮೂವತ್ತೆಂಟು ವರ್ಷ ಗುದ್ದಿಸಿಕೊಂಡು ಬಂದ ಕಾರುಗಳನ್ನು ನೆಟ್ಟಗೆ ಮಾಡಿ, ಮಂಡಿ ಕೈಕೊಟ್ಟ ಮೇಲೆ ಗ್ಯಾರೇಜು ಮುಚ್ಚಿ ಮನೆಯಲ್ಲಿ ಕೂತವನು. ಸ್ವಂತ ಮಗಳು ಇವೆರಡರಲ್ಲಿ ಯಾವ ಜಾತಿ ಎಂಬುದು ಮಾತ್ರ ಎರಡು ತಿಂಗಳಿನಿಂದ ತೀರ್ಮಾನವಾಗಿರಲಿಲ್ಲ.

ಮಗಳು ನರ್ಸು. ಬೆಳಗ್ಗೆ ತನ್ನ ಆರು ವರ್ಷದ ಹುಡುಗಿಯನ್ನು ಶಾಲೆಗೆ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆ ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಅದಕ್ಕೆ ನಾಲ್ಕು ಚಕ್ರದ ಯಾವುದಾದರೂ ಡಬ್ಬ ಸಾಕು. ಆದರೆ ಇವಳಿಗೆ ಬೇಕಾದದ್ದು ಪುಟ್ಟದಾಗಿ, ನೆಲಕ್ಕೆ ಅಂಟಿಕೊಂಡು, ಬೆನ್ನ ಮೇಲೊಂದು ರೆಕ್ಕೆ ಹೊತ್ತು, ಬಾಣದ ಹಾಗೆ ಓಡುವ ಕಾರು. "ಹುಟ್ಟಿದಾಗಿಂದ ಬೇರೆಯವರಿಗೆ ಇಷ್ಟವಾಗಿದ್ದೇ ತಗೊಂಡಿದೀನಿ ಅಪ್ಪ. ಇದೊಂದು ನನ್ನಿಷ್ಟ," ಎಂದಿದ್ದಳು.

ಒಂಬತ್ತು ಕಾರು ನೋಡಿ ಆಗಿತ್ತು. ಒಂಬತ್ತಕ್ಕೂ ಮೇಸ್ತ್ರಿ ಮೂಗು ಮುರಿದಿದ್ದ. ಇಂಥ ಕಾರನ್ನು ಯಾರೂ ನಿಧಾನವಾಗಿ ಓಡಿಸಲು ಕೊಳ್ಳುವುದಿಲ್ಲ ಎಂದು ಅವನ ವಾದ. ಮೊದಲನೆಯವನು ಎಂಜಿನ್ ಬಿಸಿಯಾಗುವ ಮುಂಚೆಯೇ ಕಾಲು ಒತ್ತಿರುತ್ತಾನೆ. ಎರಡನೆಯವನು ಸೈಲೆನ್ಸರ್ ಬದಲಾಯಿಸಿ ಬೀದಿಯವರ ನಿದ್ದೆ ಕೆಡಿಸಿರುತ್ತಾನೆ. ಮೂರನೆಯವನು ಸ್ಪ್ರಿಂಗ್ ಕತ್ತರಿಸಿ ಕಾರನ್ನು ಕಪ್ಪೆಯಂತೆ ಕೂರಿಸಿರುತ್ತಾನೆ. ಇಷ್ಟೆಲ್ಲ ಆದ ಮೇಲೆ ಬಣ್ಣ ಬಳಿಸಿ ಮಾರುತ್ತಾರೆ, ನಾಲ್ಕನೆಯ ಪೆದ್ದ ಬಂದು ಹಲ್ಲು ಬಿಡುತ್ತಾನೆ.

ಹತ್ತನೆಯದು ಕೆಂಪು ಕಾರು. ಮಗಳು ತನ್ನ ಹುಡುಗಿಯನ್ನು ಕೂರಿಸುವ ಮಕ್ಕಳ ಸೀಟನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದಿದ್ದಳು, ಹಿಂದೆ ಹಿಡಿಸುತ್ತದೋ ಇಲ್ಲವೋ ನೋಡಬೇಕಂತೆ.

"ಇಂಥ ಕಾರಲ್ಲಿ ಹಿಂದಿನ ಸೀಟು ಬ್ಯಾಗ್ ಇಡೋಕೆ ಕಣಮ್ಮ. ಅಲ್ಲಿ ಮನುಷ್ಯರು ಕೂರಲ್ಲ," ಎಂದು ಮೇಸ್ತ್ರಿ ನಕ್ಕ.

"ನನ್ನ ಮಗಳು ಕೂರ್ತಾಳೆ," ಎಂದಳು ಅವಳು.

ಮಾರಾಟದ ಅಂಗಳದವನು ಬಿಳಿ ಶೂ ಹಾಕಿದ್ದ. ಗ್ರೀಸಿನ ನೆಲದ ಮೇಲೆ ಬಿಳಿ ಶೂ ಹಾಕುವವನು ಕಾರಿನ ಕೆಳಗೆ ಎಂದೂ ಇಣುಕಿದವನಲ್ಲ ಎಂದು ಮೇಸ್ತ್ರಿ ಅಲ್ಲೇ ಷರಾ ಬರೆದ.

"ಒಬ್ಬರೇ ಓನರ್ ಸರ್. ಲೇಡಿ ಡಾಕ್ಟರ್. ಭಾನುವಾರ ಬಿಟ್ರೆ ಹೊರಗೇ ತೆಗೀತಿರಲಿಲ್ಲ."

"ನಾನು ನೋಡಿದ ಹಳೇ ಕಾರೆಲ್ಲ ಲೇಡಿ ಡಾಕ್ಟರ್‌ದೇ. ಊರಲ್ಲಿ ಅಷ್ಟು ಜನ ಡಾಕ್ಟರ್ ಇದ್ದಿದ್ರೆ ಒಬ್ಬರಿಗೂ ಕೆಮ್ಮೂ ಬರ್ತಿರಲಿಲ್ಲ," ಎನ್ನುತ್ತ ಮೇಸ್ತ್ರಿ ಬಾನೆಟ್ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. "ನಾವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದೀರಿ."

"ಬಿಸಿಲಿಗೆ ಸರ್."

"ನೆರಳಲ್ಲಿ ನಿಲ್ಲಿಸಿದೀರಲ್ರೀ."

ಬಿಳಿ ಶೂನವನ ಕೈ ಕೀಲಿ ಇದ್ದ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ತಾನೇ ಎಂಜಿನ್ನಿನ ನಿಜವಾದ ಕೆಮ್ಮು ಕೇಳುವುದು, ಹೊಗೆಯ ಬಣ್ಣ ಕಾಣುವುದು. ಇಷ್ಟೂ ಗೊತ್ತಿಲ್ಲದವನು ಕಾರು ನೋಡಲು ಹೋಗಲೇಬಾರದು, ಮನೆಯಲ್ಲಿ ಕೂತು ಕಾರಿನ ಚಿತ್ರ ನೋಡಿಕೊಂಡಿರಬೇಕು.

ಮೀಟರು ನಲವತ್ತು ಸಾವಿರ ಕಿಲೋಮೀಟರ್ ಎನ್ನುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹಲ್ಲು ತೋರಿಸುತ್ತಿತ್ತು. "ಭಾನುವಾರ ಮಾತ್ರ ತುಳಿದೂ ಇಷ್ಟು ಸವೆದಿದೆ ಅಂದ್ರೆ ನಿಮ್ಮ ಡಾಕ್ಟರು ಆನೆ ಇರಬೇಕು," ಎಂದ ಮೇಸ್ತ್ರಿ. ಟೈರುಗಳು ಒಳಮಗ್ಗುಲಲ್ಲಿ ಬೋಳಾಗಿದ್ದವು. ಒಂದು ಸುತ್ತು ಓಡಿಸಿದಾಗ ಎರಡನೇ ಗೇರು ಕರಕರ ಎಂದು ಹಲ್ಲು ಕಡಿಯಿತು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಮೇಸ್ತ್ರಿಗೆ ಇಂಥ ಬೆಳಗು ಸಿಕ್ಕಿ ಬಹಳ ದಿನವಾಗಿತ್ತು, ಅವನು ಸಂತೋಷವಾಗಿದ್ದ.

ಆಮೇಲೆ ಬಾಗಿಲು ಮುಚ್ಚಿದ. ಧಬ್ ಎಂಬ ಒಂದೇ ಸದ್ದು, ಗಡಗಡ ಇಲ್ಲ. ಮತ್ತೆ ತೆಗೆದು ಮುಚ್ಚಿದ. ಬಾಗಿಲ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆ. ಹೊಸ್ತಿಲಿನ ತಗಡಿನ ಉದ್ದಕ್ಕೂ ಬೆರಳಾಡಿಸಿದ. ಎಲ್ಲೂ ಉಬ್ಬು ತಗ್ಗಿಲ್ಲ.

"ಬಾಡಿ ಮಾತ್ರ ಚೆನ್ನಾಗಿದೆ," ಎಂದುಬಿಟ್ಟ. "ಇದಕ್ಕೆ ಕೈ ಹಾಕಿದವನಿಗೆ ಕೆಲಸ ಗೊತ್ತಿತ್ತು."

ಮಗಳು ಅವನ ಮುಖ ನೋಡಿದಳು. ಎರಡು ತಿಂಗಳಲ್ಲಿ ಅಪ್ಪನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. "ಗೇರು ರಿಪೇರಿ ಆಗುತ್ತೆ. ಟೈರು, ರಬ್ಬರು ಬದಲಾಯಿಸಬಹುದು. ಬಾಡಿ ಗಟ್ಟಿ ಇದ್ರೆ ಸಾಕು ಅಂತ ನೀನೇ ಹೇಳ್ತೀಯ. ಹಾಗಾದ್ರೆ ಇದೇ ಇರಲಿ," ಎಂದು ಮಕ್ಕಳ ಸೀಟನ್ನು ಹಿಂದಕ್ಕೆ ತೂರಿಸಿದಳು. ಬಿಳಿ ಶೂನವನು ಕಾಗದ ತರಲು ಒಳಗೆ ಓಡಿದ.

ಸೀಟು ಕೂತಿತು, ಆದರೆ ಅದನ್ನು ಬಿಗಿಯುವ ಕೊಕ್ಕೆ ಸಿಗಲಿಲ್ಲ. "ಮೆತ್ತೆ ಕೆಳಗಿರುತ್ತೆ, ಸರಿ ನೀನು," ಎಂದು ಮೇಸ್ತ್ರಿ ಹಿಂದಿನ ಸೀಟಿನ ಮೆತ್ತೆಯನ್ನು ಎತ್ತಿ ಪಕ್ಕಕ್ಕಿಟ್ಟ.

ಕೆಳಗೆ ತಗಡಿನ ಅಡ್ಡಕ್ಕೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ, ಸಂದು ಮುಚ್ಚುವ ಬೂದು ಬಣ್ಣದ ಸೀಲರ್ ಅಂಟು ಬಳಿದ ಗೆರೆ. ಕಾರ್ಖಾನೆಯಲ್ಲಿ ಅದನ್ನು ಯಂತ್ರ ಹಾಕುತ್ತದೆ. ಇದನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಸವರಿದ್ದರು. ಒಂದೊಂದು ಬೆರಳ ಗುರುತಿನ ನಟ್ಟನಡುವೆಯೂ ಒಂದು ಸಣ್ಣ ಏಣು ಎದ್ದಿತ್ತು.

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ತುದಿ ಹಿಂದೊಮ್ಮೆ ಫ್ಯಾನ್ ಬೆಲ್ಟಿಗೆ ಸಿಕ್ಕಿ ಸೀಳಿತ್ತು. ಗಾಯ ಮಾಗಿದರೂ ನಡುವೆ ಗೀರು ಉಳಿದಿತ್ತು. ಅವನು ಆ ಬೆರಳನ್ನು ಒಂದು ಗುರುತಿನ ಮೇಲಿಟ್ಟ. ಗೀರಿನೊಳಗೆ ಏಣು ಸರಿಯಾಗಿ ಕೂತಿತು.

ಅವನ ಗ್ಯಾರೇಜಿಗೆ ಬಂದಾಗ ಇವು ಎರಡು ಬಿಳಿ ಕಾರು. ಒಂದು ಮುಂದೆ ಜಜ್ಜಿಹೋಗಿತ್ತು, ಇನ್ನೊಂದು ಹಿಂದೆ. ಎರಡನ್ನೂ ಕತ್ತರಿಸಿ, ಒಳ್ಳೆಯ ಅರ್ಧಗಳನ್ನು ಸೇರಿಸಿ ಬೆಸುಗೆ ಹಾಕಿ ಒಂದು ಮಾಡಿದ್ದ. ಜೋರಾಗಿ ಗುದ್ದಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ, ಕಾರು ಮತ್ತೆ ಎರಡಾಗುತ್ತದೆ ಎಂದು ಅವನಿಗೆ ಅವತ್ತೂ ಗೊತ್ತಿತ್ತು. ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ, ಬ್ಯಾಗ್ ತಾನೇ, ಎಂದು ಅವತ್ತೂ ನಕ್ಕಿದ್ದ. ಥೂ, ಎಂಥ ನಗೆ ಅದು. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಇವತ್ತು ಅವನೇ ಮೋಸ ಹೋಗಿದ್ದ.

"ಈ ಕಾರು ಬೇಡ," ಎಂದ.

"ಯಾಕೆ?"

"ಕ್ಲಚ್ಚು ಹೋಗಿದೆ." ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಎಂಬ ಆಸೆ.

"ಅದನ್ನ ಆಗಲೇ ಲೆಕ್ಕಕ್ಕೆ ತಗೊಂಡಾಯ್ತು."

"ಬೇಡ ಅಂದ್ರೆ ಬೇಡ. ಕೇಳು ನನ್ನ ಮಾತು."

"ಒಂಬತ್ತು ಸಲ ಕೇಳಿದೀನಿ ಅಪ್ಪ," ಎಂದಳು ಮಗಳು. ಸಿಟ್ಟೂ ಇರಲಿಲ್ಲ ದನಿಯಲ್ಲಿ, ಬರೀ ದಣಿವು. "ಕಾರು ಬೇಡ, ಮಾರೋನು ಕಳ್ಳ, ಕೊಳ್ಳೋಳು ದಡ್ಡಿ. ನಿನ್ನ 'ಬೇಡ'ಕ್ಕೆ ಈಗ ಅರ್ಥಾನೇ ಉಳಿದಿಲ್ಲ. ನಾಳೆಯಿಂದ ನನ್ನ ಮಗಳು ಬಸ್ಸಲ್ಲಿ ನಿಂತ್ಕೊಂಡು ಹೋಗಲ್ಲ, ಅಷ್ಟೇ." ಬಿಳಿ ಶೂನವನು ಕಾಗದ, ಪೆನ್ನು ಹಿಡಿದು ಬಂದ. ಅವಳು ಪೆನ್ನು ತೆಗೆದುಕೊಂಡಳು.

"ಇದು ಎರಡು ಕಾರು ಕಣಮ್ಮ," ಎಂದ ಮೇಸ್ತ್ರಿ. "ಕತ್ತರಿಸಿ ಅಂಟಿಸಿದ್ದು. ಜಾಯಿಂಟು ನಿನ್ನ ಮಗಳ ಸೀಟಿನ ಕೆಳಗೇ ಬರುತ್ತೆ."

"ಯಜಮಾನ್ರೇ, ಬಾಯಿಗೆ ಬಂದಂಗೆ ಮಾತಾಡಬೇಡಿ," ಎಂದ ಬಿಳಿ ಶೂನವನು. "ಈಗ ತಾನೇ ಬಾಡಿ ಚೆನ್ನಾಗಿದೆ ಅಂದ್ರಿ. ಎರಡು ಕಾರು ಅಂತ ನಿಮಗೆ ಹೆಂಗೆ ಗೊತ್ತು?"

ಮೇಸ್ತ್ರಿ ಬಗ್ಗಿ ಸೀಲರಿನ ಗುರುತಿನ ಮೇಲೆ ಹೆಬ್ಬೆರಳಿಟ್ಟ. ತೆಗೆದ. ಪಕ್ಕದ ಗುರುತಿನ ಮೇಲಿಟ್ಟ. ಮಗಳು ಆ ಬೆರಳನ್ನು ಚಿಕ್ಕಂದಿನಿಂದ ಹಿಡಿದು ನಡೆದವಳು, ಅವಳಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

ಪೆನ್ನು ವಾಪಸು ಕೊಟ್ಟು ಮಕ್ಕಳ ಸೀಟು ಹೊರಗೆಳೆದಳು. "ಇಂಥವು ಎಷ್ಟು ಮಾಡಿದೀಯ?"

"ಏಳು."

ಅವಳು ಗೇಟಿನ ಕಡೆ ನಡೆದಳು. ಅವನು ಕುಂಟುತ್ತ ಹಿಂದೆ ಹೋಗಿ, "ಕೊಡು, ನಾನು ಹಿಡ್ಕೋತೀನಿ," ಎಂದು ಕೈ ಚಾಚಿದ. ಅವಳು ಸೀಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

ಗೇಟಿನಲ್ಲಿ ಒಬ್ಬ ಗಂಡ ಹೆಂಡತಿ ಎದುರಾದರು. ಹೆಂಡತಿಯ ತೋಳಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಗಂಡ ಕೆಂಪು ಕಾರು ಕಂಡು ಆಗಲೇ ಹಲ್ಲು ಬಿಟ್ಟಿದ್ದ. ಹಿಂದೆ ಮೆತ್ತೆಯನ್ನು ಗುದ್ದಿ ಕೂರಿಸುವ ಸದ್ದು ಕೇಳಿಸಿತು. ಆಮೇಲೆ ಅದೇ ದನಿ: "ಬನ್ನಿ ಸರ್, ಒಬ್ಬರೇ ಓನರ್, ಲೇಡಿ ಡಾಕ್ಟರ್."

ಮಗಳು ನಿಂತಳು. ತಿರುಗಿ ಅಪ್ಪನನ್ನು ನೋಡಿದಳು.

ಮೇಸ್ತ್ರಿ ವಾಪಸು ನಡೆದ. ಬಿಳಿ ಶೂನವನು ಅಡ್ಡ ಬಂದರೂ ಸರಿಸಿ, ಮೆತ್ತೆ ಎತ್ತಿ, ಗೆರೆ ತೋರಿಸಿ, ಎರಡು ಕಾರು ಕತ್ತರಿಸಿ ಅಂಟಿಸಿದ್ದೆಂದು ಹೇಳಿದ. ಗಂಡನ ಮುಖ ಇಳಿಯಿತು. ಹೆಂಡತಿ ಕೂಸನ್ನು ಎದೆಗೆ ಒತ್ತಿಕೊಂಡು ಬಗ್ಗಿ ನೋಡಿದಳು. "ಇಂಥ ಕೆಲಸ ಮಾಡೋಕೆ ಯಾವನಿಗಪ್ಪ ಮನಸ್ಸು ಬಂತು?" ಎಂದಳು.

ಮೂವತ್ತೆಂಟು ವರ್ಷ ಆ ಪ್ರಶ್ನೆಗೆ ಅವನ ಬಳಿ ಬೇರೆ ಯಾರಿಗಾದರೂ ಒಂದು ಬೈಗುಳ ಸಿದ್ಧವಿರುತ್ತಿತ್ತು. ಈಗ ಅವನು ಅವಳ ಮುಂದೆ ಹೆಬ್ಬೆರಳು ಚಾಚಿದ.