ಗುರುತು ಬೀಳದ ಹೆಜ್ಜೆ

ಕೆಟಿಲ್ ಕಣ್ಣಿಗೆ ಬೀಳುವ ಮೊದಲೇ ಅವನ ನಡಿಗೆ ನಮ್ಮ ಪರದೆಯ ಮೇಲೆ ಬಂದುಬಿಡುತ್ತಿತ್ತು: ಬಲಗಾಲಿನದೊಂದು ದಟ್ಟ ಗೀಟು, ಎಳೆದುಕೊಂಡು ಬರುವ ಎಡಗಾಲಿನದೊಂದು ಮಸುಕು ಗೀಟು. ಐಸ್‌ಲ್ಯಾಂಡಿನ ಆ ಲಾವಾ ಬಯಲಿನಲ್ಲಿ, ನೆಲದಾಳದ ಆವಿಯಿಂದ ವಿದ್ಯುತ್ ತೆಗೆಯುವ ಸ್ಥಾವರದ ಸುತ್ತ ಹೂತಿಟ್ಟ ಗಾಜಿನೆಳೆಯ ಕೇಬಲ್ ಭೂಮಿಯ ಸೂಕ್ಷ್ಮ ಕಂಪನವನ್ನಷ್ಟೇ ಅಲ್ಲ, ಕುರಿಯ ಗೊರಸನ್ನೂ ಮನುಷ್ಯನ ಹೆಜ್ಜೆಯನ್ನೂ ಕೇಳಿಸಿಕೊಳ್ಳುತ್ತಿತ್ತು. ಅದನ್ನು ಹೂಳಿಸಿದಾಗ, ಮೊಣಕೈ ಸವೆದ ಉಣ್ಣೆಯಂಗಿಯಲ್ಲಿ, ಮರದ ಸುತ್ತಿಗೆಯಿಂದ ಉದ್ದಕ್ಕೂ ನೆಲ ಬಡಿಯುತ್ತ ನಡೆದು, ಯಾವ ಸದ್ದು ಯಾವ ಜಾಗದ್ದೆಂದು ಗುರುತು ಹಾಕಿದವನು ಅವನೇ. ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. ಯಾವುದು ಕಂಪನ, ಯಾವುದು ಬರೀ ಹೆಜ್ಜೆ ಎಂಬ ತೀರ್ಪೂ ಅವನದೇ.

ಅವನ ಹೆಂಡತಿ ಸ್ಟೇನ್‌ವೋರ್ ದಿನವೂ ಬಿಸಿನೀರಿನ ಕೊಳದಲ್ಲಿ ಈಜಿ, ಸ್ಥಾವರದ ಪಂಪಿನ ಪಕ್ಕದ ದಾರಿ ಹಿಡಿದು, ಮಧ್ಯಾಹ್ನದ ಕಾಫಿಯ ಹೊತ್ತಿಗೆ ನಾವಿಬ್ಬರು ಪರದೆ ನೋಡುತ್ತ ಕೂರುತ್ತಿದ್ದ ಶೆಡ್ಡಿಗೆ ರೊಟ್ಟಿಯನ್ನೂ ಹೊಗೆಯಲ್ಲಿ ಒಣಗಿಸಿದ ಮಾಂಸವನ್ನೂ ತರುತ್ತಿದ್ದಳು. ಅವಳು ತೀರಿಕೊಂಡ ಚಳಿಗಾಲದಲ್ಲೇ, ಆವಿ ತೆಗೆದುಳಿದ ನೀರನ್ನು ಸ್ಥಾವರದವರು ಆ ಪಂಪಿನಿಂದ ಮಧ್ಯಾಹ್ನದ ವೇಳೆ ಹೆಚ್ಚಿನ ಒತ್ತಡದಲ್ಲಿ ಭೂಗರ್ಭಕ್ಕೆ ಮರಳಿ ನೂಕತೊಡಗಿದರು. ಆಮೇಲೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಹಗುರವಾದ ಹೆಜ್ಜೆಗಳು ಪರದೆಯ ಮೇಲೆ ಶೆಡ್ಡಿನತ್ತ ಬರತೊಡಗಿದವು. ಬಾಗಿಲು ತೆರೆದು ನೋಡಿದರೆ ಹಿಮದ ಮೇಲೆ ಒಂದು ಗುರುತೂ ಇಲ್ಲ.

“ಹೆಜ್ಜೆ ಅಂತ ಗುರುತು ಹಾಕ್ಬೇಡ ಕಣೋ ಕೆಟಿಲ್. ಆ ನೀರಿನ ಒತ್ತಡಕ್ಕೆ ಕೆಳಗೆ ಬಂಡೆ ಜಾರ್ತಿದೆ,” ಎಂದೆ.

“ಅವಳು ಯಾವತ್ತು ಭಾರ ಹಾಕಿ ನಡೆದೋಳು, ಹೇಳು?” ಎಂದವನು ದಾಖಲೆಯಲ್ಲಿ ‘ಹೆಜ್ಜೆ’ ಎಂದೇ ಗುರುತು ಹಾಕಿದ.

‘ಕಂಪನ’ ಎಂದು ದಾಖಲಾದರೆ ಮಾತ್ರ ಪಂಪು ನಿಲ್ಲಿಸುವುದು ನಿಯಮ; ಅವನು ‘ಹೆಜ್ಜೆ’ ಎಂದು ಗುರುತು ಹಾಕುತ್ತಿರುವಷ್ಟು ದಿನ ಅದು ನಿಲ್ಲುವಂತಿರಲಿಲ್ಲ. ಶೆಡ್ಡಿನ ಆಚೆ ಟೊಮೆಟೊ ಬೆಳೆಯುವ ಗಾಜಿನ ಮನೆಯಲ್ಲಿ ಊರಿನ ಅರ್ಧ ಜನ ಕೆಲಸ ಮಾಡುತ್ತಿದ್ದರು. ಅದು ಗೊತ್ತಿದ್ದೂ, ಅವನ ಮುಖದಲ್ಲಿ ಆ ಹೊತ್ತಿಗೆ ಮೂಡುತ್ತಿದ್ದ ಕಳೆಯನ್ನು ನೋಡಿ ನಾನು ಆ ಗುರುತನ್ನು ತಿದ್ದಲು ಹೋಗಲಿಲ್ಲ.

ಒಂದು ಮಧ್ಯಾಹ್ನ ಹೆಜ್ಜೆಗಳು ಶೆಡ್ಡಿನ ಬಾಗಿಲಿಗೆ ಬಂದವು, ನಿಲ್ಲಲಿಲ್ಲ. ನಾವು ಕೂತ ಕುರ್ಚಿಗಳ ಅಡಿಯಲ್ಲೇ ಹಾದು ಗಾಜಿನ ಮನೆಯತ್ತ ಹೊರಟವು. ಕೆಟಿಲ್ ಕುರ್ಚಿಯಿಂದೆದ್ದ.

“ಇದು ಅವಳಲ್ಲ,” ಎಂದ. “ನನ್ನ ಮಾತಾಡಿಸ್ದೆ ಮುಂದೆ ಹೋಗೋಳಲ್ಲ ಅವಳು. ಫೋನ್ ಮಾಡು, ಎಲ್ಲರನ್ನೂ ಹೊರಗೆ ಬರೋಕೆ ಹೇಳು.”

ಪಂಪನ್ನು ತನ್ನ ಕೈಯಿಂದಲೇ ನಿಲ್ಲಿಸಿದ. ಜನ ಹೊರಬಿದ್ದ ಸ್ವಲ್ಪ ಹೊತ್ತಿಗೆ ನೆಲ ನಡುಗಿ ಗಾಜುಗಳು ಕಳಚಿ ಬಿದ್ದವು. ಕೆಳಗೆ ಯಾರೂ ಇರಲಿಲ್ಲ. ಊರು ಅವನನ್ನು ಕೊಂಡಾಡಿತು. ಪಂಪು ಮತ್ತೆ ಶುರುವಾಗಲಿಲ್ಲ; ಪರದೆಯ ಮೇಲೆ ಹೆಜ್ಜೆಗಳು ದಿನದಿಂದ ದಿನಕ್ಕೆ ವಿರಳವಾಗಿ, ಕೊನೆಗೆ ನಿಂತೇಹೋದವು.

“ನಿಲ್ಲಿಸಿದ್ದು ನಾನೇ ಅಲ್ವಾ,” ಎಂದು ಒಮ್ಮೆ ಕೇಳಿದ.

ಭೂಮಿಗೆ ಕಿವಿಗೊಟ್ಟು ಬದುಕುವವರ ಪಾಡೇ ಇಂಥದು. ಅವರ ದೆಸೆಯಿಂದ ಊರು ನಿಶ್ಚಿಂತೆಯಾಗಿ ನಿದ್ರಿಸುತ್ತದೆ; ಆ ನಿಶ್ಶಬ್ದಕ್ಕಾಗಿ ತಮಗೆ ಬೇಕಾಗಿದ್ದ ಒಂದೇ ಒಂದು ಸದ್ದನ್ನು ತಾವೇ ಅಡಗಿಸಿದ್ದು ಅವರಿಗೆ ಮಾತ್ರ ಗೊತ್ತಿರುತ್ತದೆ.